ಸಾಲ್ಮನ್ ಸುರುಳಿ ಮತ್ತು ಒಣಮೀನು: ಅತಿಥಿ ಸತ್ಕಾರದ ಬಗ್ಗೆ ಕೆಲವು ಮಾತುಗಳು



ಈ ಸಂಜೆಯ ಕೂಟಕ್ಕೆ ‘ಅತಿಥಿ ಸತ್ಕಾರ’ ಎಂಬ ವಿಷಯವನ್ನು ಸಂಘಟಕರು ಸೂಚಿಸಿದಾಗ, ಅದನ್ನು ಒಂದೇ ಒಂದು ತಿನಿಸಿನ ಮೂಲಕ ಮಾತನಾಡುತ್ತೇನೆ ಎಂದು ಒಪ್ಪಿಕೊಂಡೆ. ಆ ತಿನಿಸು ಸ್ಮೋಕ್ಡ್ ಸಾಲ್ಮನ್ ಪಿನ್‌ವೀಲ್. ಹೊಗೆ ಹಿಡಿಸಿದ ಸಾಲ್ಮನ್ ಮೀನಿನ ತೆಳುವಾದ ಎಸಳುಗಳನ್ನು ಕ್ರೀಮ್ ಚೀಸ್ ಸವರಿದ ಟೋರ್ಟಿಯಾದ ಮೇಲೆ ಹರಡಿ, ಸುತ್ತಿ, ಬಿಲ್ಲೆಗಳಾಗಿ ಕತ್ತರಿಸಿದ್ದು. ಮಕ್ಕಳ ಗಿರಗಿಟ್ಲೆಯಂತೆ ಕಾಣುವುದರಿಂದ ಆ ಹೆಸರು. ಮಾತಿನ ಅನುಕೂಲಕ್ಕೆ ನಾನು ಇದನ್ನು ಸಾಲ್ಮನ್ ಸುರುಳಿ ಎನ್ನುತ್ತೇನೆ. ಸಿಯಾಟಲ್ ಸುತ್ತಮುತ್ತ ನಾವು ಒಬ್ಬರನ್ನೊಬ್ಬರು ಮನೆಗೆ ಕರೆದಾಗ, ಊಟಕ್ಕೆ ಮೊದಲು ಕೈಯಿಂದ ಕೈಗೆ ಸಾಗುವ ತಟ್ಟೆಯಲ್ಲಿ ಇದು ಈಗ ಅಪರೂಪವಲ್ಲ.

ಮೊದಲು ಮಾಡುವ ಬಗೆಯನ್ನು ಹೇಳುತ್ತೇನೆ. ಅಡುಗೆಯನ್ನು ಬರಿಯ ರೂಪಕ ಮಾಡಿಕೊಂಡು, ಅದನ್ನು ಮಾಡುವ ಕೈಗಳನ್ನು ಮರೆತುಬಿಡುವ ಅಭ್ಯಾಸ ನಮ್ಮ ವೈಚಾರಿಕ ವೇದಿಕೆಗಳಲ್ಲಿ ಸಾಕಷ್ಟಿದೆ. ಆದ್ದರಿಂದ ಅಡುಗೆ ಮೊದಲಿರಲಿ.

ಹತ್ತು ಜನ ಅತಿಥಿಗಳಿಗೆ ಮೂವತ್ತು ಬಿಲ್ಲೆಗಳು ಸಾಕು. ಸುಮಾರು 25 ಸೆಂಟಿಮೀಟರ್ ಅಗಲದ ಮೂರು ಗೋಧಿ ಟೋರ್ಟಿಯಾ, 225 ಗ್ರಾಂ ಕ್ರೀಮ್ ಚೀಸ್, 225 ಗ್ರಾಂ ತಣ್ಣನೆಯ ಹೊಗೆಯಲ್ಲಿ ಹದಗೊಳಿಸಿದ ಸಾಲ್ಮನ್, ಎರಡು ದೊಡ್ಡ ಚಮಚ ಸಣ್ಣಗೆ ಹೆಚ್ಚಿದ ಸಬ್ಬಸಿಗೆ ಸೊಪ್ಪು, ಅರ್ಧ ನಿಂಬೆಯ ಹೊರಸಿಪ್ಪೆಯ ತುರಿ, ಒಂದು ದೊಡ್ಡ ಚಮಚ ಕೇಪರ್ಸ್, ಸ್ವಲ್ಪ ಕಾಳುಮೆಣಸಿನ ಪುಡಿ. ಇಲ್ಲಿಯವರು ಡಿಲ್ ಎಂದು ಕರೆಯುವುದು ನಮ್ಮ ಸಬ್ಬಸಿಗೆಯನ್ನೇ. ಅಕ್ಕಿರೊಟ್ಟಿಗೂ ವಡೆಗೂ ಬೇಳೆಯ ಪಲ್ಯಕ್ಕೂ ಈ ಸೊಪ್ಪನ್ನು ಧಾರಾಳವಾಗಿ ಬಳಸುವ ಕನ್ನಡಿಗರಿಗೆ ಈ ತಿನಿಸಿನ ಪರಿಮಳ ಹೊಸದಲ್ಲ. ಕೇಪರ್ಸ್ ಎಂದರೆ ಒಂದು ಬಗೆಯ ಮುಳ್ಳುಗಿಡದ ಮೊಗ್ಗನ್ನು ಉಪ್ಪಿನಲ್ಲಿ ನೆನೆಸಿಟ್ಟದ್ದು. ಅದು ಸಿಗದಿದ್ದರೆ ಉಪ್ಪುನೀರಿನಲ್ಲಿಟ್ಟ ಹಸಿ ಕಾಳುಮೆಣಸು ಅಷ್ಟೇ ಚೆನ್ನಾಗಿ ಒಪ್ಪುತ್ತದೆ. ಮೀನಿನಲ್ಲೂ ಕೇಪರ್ಸ್‌ನಲ್ಲೂ ಉಪ್ಪಿರುವುದರಿಂದ ಬೇರೆ ಉಪ್ಪು ಬೇಡ.

ಕ್ರೀಮ್ ಚೀಸನ್ನು ಅರ್ಧ ಗಂಟೆ ಹೊರಗಿಟ್ಟು ಮೆದುವಾದ ಮೇಲೆ ಸೊಪ್ಪು, ನಿಂಬೆ ತುರಿ, ಮೆಣಸಿನ ಪುಡಿ, ಕೇಪರ್ಸ್ ಬೆರೆಸಿ. ಟೋರ್ಟಿಯಾದ ಅಂಚಿನವರೆಗೂ ತೆಳುವಾಗಿ ಸವರಿ. ಮೀನಿನ ಎಸಳುಗಳನ್ನು ಮೂರರಲ್ಲಿ ಎರಡು ಪಾಲಿನಷ್ಟು ಜಾಗದಲ್ಲಿ ಮಾತ್ರ ಹರಡಿ. ಉಳಿದ ಭಾಗದ ಚೀಸು ಸುರುಳಿಯ ಕೊನೆಯನ್ನು ಅಂಟಿಸಿ ಹಿಡಿಯುತ್ತದೆ. ಮೀನಿರುವ ಕಡೆಯಿಂದ ಬಿಗಿಯಾಗಿ ಸುತ್ತಿ, ಪ್ಲಾಸ್ಟಿಕ್ ಹಾಳೆಯಲ್ಲಿ ಪೊಟ್ಟಣ ಕಟ್ಟಿ, ಫ್ರಿಜ್ಜಿನಲ್ಲಿ ಎರಡು ಗಂಟೆ ಇಡಿ. ಆಮೇಲೆ ಹರಿತವಾದ ಚಾಕುವಿನಿಂದ ಎರಡು ಸೆಂಟಿಮೀಟರ್ ದಪ್ಪಕ್ಕೆ ಕತ್ತರಿಸಿ. ಪ್ರತಿ ಸಲವೂ ಚಾಕುವಿನ ಅಲಗನ್ನು ಒರೆಸಿಕೊಂಡರೆ ಸುರುಳಿ ಕಲಸಿಹೋಗುವುದಿಲ್ಲ. ಕೆಸುವಿನ ಎಲೆಗೆ ಹಿಟ್ಟು ಸವರಿ, ಸುತ್ತಿ, ಬೇಯಿಸಿ, ಬಿಲ್ಲೆ ಕತ್ತರಿಸುವ ಪತ್ರೊಡೆಯನ್ನು ಮಾಡಿ ಗೊತ್ತಿರುವವರಿಗೆ ಈ ಕೈಚಳಕವನ್ನು ಯಾರೂ ಕಲಿಸಬೇಕಾಗಿಲ್ಲ.

ಎಚ್ಚರಿಕೆಯ ಒಂದು ಮಾತು. ತಣ್ಣನೆಯ ಹೊಗೆಯಲ್ಲಿ ಹದಗೊಳಿಸಿದ ಮೀನು ಬೆಂದಿರುವುದಿಲ್ಲ. ಉಪ್ಪಿನಿಂದ ನೀರಿನಂಶ ತೆಗೆದು, ಸಾಮಾನ್ಯವಾಗಿ 30 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಶಾಖದ ಹೊಗೆಯಲ್ಲಿ ಅದನ್ನು ಹಲವು ಗಂಟೆ ಇಟ್ಟಿರುತ್ತಾರೆ, ಅಷ್ಟೆ. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಅದರಲ್ಲಿ ಉಳಿದಿರುವ ಸಾಧ್ಯತೆ ಇರುವುದರಿಂದ ಗರ್ಭಿಣಿಯರು, ಹಿರಿಯ ವಯಸ್ಸಿನವರು, ರೋಗನಿರೋಧಕ ಶಕ್ತಿ ಕುಂದಿದವರು ಇದನ್ನು ತಿನ್ನಬಾರದು. 4 ಡಿಗ್ರಿಗಿಂತ ಕೆಳಗಿನ ತಂಪಿನಲ್ಲಿಟ್ಟು, ಹೊರಗೆ ತೆಗೆದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಅತಿಥಿಯ ಆರೋಗ್ಯವನ್ನು ಕಾಯುವುದು ಸತ್ಕಾರದ ಮೊದಲ ಪಾಠ.

ಇನ್ನು ಪ್ರಶ್ನೆಗೆ ಬರುತ್ತೇನೆ. ಸಾಲ್ಮನ್ ಸುರುಳಿಯನ್ನು ಹೆಮ್ಮೆಯಿಂದ ಮುಂದಿಡುವ ಅದೇ ಮನೆಯಲ್ಲಿ ಒಣಮೀನಿನ ಚಟ್ನಿಯನ್ನು ಮುಂದಿಡಬಹುದೇ? ಎರಡೂ ಮೀನು. ಎರಡರಲ್ಲೂ ಉಪ್ಪು ಮೀನಿನ ನೀರನ್ನು ಹೀರಿ ಅದನ್ನು ಕೆಡದಂತೆ ಕಾಯುತ್ತದೆ. ಒಂದಕ್ಕೆ ಹೊಗೆ ಜೊತೆಯಾಗುತ್ತದೆ, ಇನ್ನೊಂದಕ್ಕೆ ಕರಾವಳಿಯ ಬಿಸಿಲು. ಎರಡೂ ಹುಟ್ಟಿದ್ದು ಅಭಾವದ ತಿಂಗಳುಗಳಿಗಾಗಿ. ನಮ್ಮ ಕರಾವಳಿಯಲ್ಲಿ ಇಂದಿಗೂ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆ ಮಳೆಗಾಲದ ಅನ್ನಕ್ಕೆ ಒಣಮೀನೇ ಜೊತೆ. ಮೊಗವೀರ, ಖಾರ್ವಿ, ಹರಿಕಂತ್ರ ಸಮುದಾಯಗಳ ಹೆಂಗಸರು ಮರಳಿನ ಮೇಲೆ ಹರಡಿ, ತಿರುವಿ, ಕಾಗೆಗಳಿಂದ ಕಾಯ್ದು ಒಣಗಿಸಿದ ಮೀನು ಘಟ್ಟ ಹತ್ತಿ ಬಯಲುಸೀಮೆಯ ಸಂತೆಗಳನ್ನು ಸೇರುತ್ತದೆ. ಹೀಗಿದ್ದೂ ಒಂದನ್ನು ರುಚಿ ಎನ್ನುತ್ತೇವೆ, ಇನ್ನೊಂದನ್ನು ನಾತ ಎನ್ನುತ್ತೇವೆ.

ಒಣಮೀನಿನ ವಾಸನೆ ಗಾಢವಾದದ್ದು ನಿಜ. ಆದರೆ ಗಾಢವಾದ ವಾಸನೆಯ ಚೀಸುಗಳನ್ನು ನಾವು ಮರದ ಹಲಗೆಯ ಮೇಲೆ ಜೋಡಿಸಿ, ಊರಿನ ಹೆಸರು ಹೇಳಿ ಬಡಿಸುತ್ತೇವಲ್ಲ? ಮೂಗಿಗೆ ಜಾತಿ ಇಲ್ಲ, ಆದರೆ ಮೂಗನ್ನು ಪಳಗಿಸುವವರಿಗೆ ಇದೆ. ಸಾಲ್ಮನ್ ನಮ್ಮ ಮನೆಗೆ ಬರುವ ಹೊತ್ತಿಗೆ ಅದಕ್ಕೆ ಯಾವ ಜಾತಿಯ ನೆನಪೂ ಅಂಟಿರುವುದಿಲ್ಲ. ಅದು ನಿರ್ವಾತ ಪೊಟ್ಟಣದಲ್ಲಿ, ಗುಲಾಬಿ ಬಣ್ಣದಲ್ಲಿ, ಮುಳ್ಳಿಲ್ಲದೆ, ತಲೆಯಿಲ್ಲದೆ, ಹಿಡಿದವರ ಸುಳಿವಿಲ್ಲದೆ ಬರುತ್ತದೆ. ಅದನ್ನು ತಿಂದವರು ಮುಂದುವರಿದವರು ಎನಿಸಿಕೊಳ್ಳುತ್ತಾರೆ. ಒಣಮೀನು ಮಾತ್ರ ತನ್ನವರ ಹೆಸರನ್ನು ಹೊತ್ತುಕೊಂಡೇ ಬರುತ್ತದೆ.

ಸಾಲ್ಮನ್ನಿಗೆ ನಿಜವಾಗಿಯೂ ಹಿಂದುಮುಂದಿಲ್ಲವೇ? ಈ ಸುರುಳಿಯನ್ನು ಬಿಡಿಸಿ ನೋಡಿದರೆ ಕನಿಷ್ಠ ಮೂರು ಚರಿತ್ರೆಗಳು ಸಿಗುತ್ತವೆ.

ಮೊದಲನೆಯದು ವಲಸೆಯ ಚರಿತ್ರೆ. ಹೊಗೆ ಹಿಡಿಸಿದ ಸಾಲ್ಮನ್ ಮತ್ತು ಕ್ರೀಮ್ ಚೀಸ್‌ನ ಜೋಡಿ ನ್ಯೂಯಾರ್ಕಿನ ಯಹೂದಿ ವಲಸಿಗರಿಂದ ಹೆಸರಾದದ್ದು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ರಷ್ಯನ್ ಸಾಮ್ರಾಜ್ಯದ ಹಿಂಸೆಯಿಂದಲೂ ಬಡತನದಿಂದಲೂ ತಪ್ಪಿಸಿಕೊಂಡು ಬಂದವರು ಲಂಡನ್ನಿನ ಈಸ್ಟ್ ಎಂಡ್‌ನಲ್ಲಿ, ನ್ಯೂಯಾರ್ಕಿನ ಲೋಯರ್ ಈಸ್ಟ್ ಸೈಡ್‌ನಲ್ಲಿ ನೆಲೆಸಿದರು. ಮೀನನ್ನು ಉಪ್ಪಿನಲ್ಲೂ ಹೊಗೆಯಲ್ಲೂ ಹದಗೊಳಿಸುವ ವಿದ್ಯೆ ಅವರ ಜೊತೆ ಬಂತು. ಇಂದು ಅಮೆರಿಕನ್ನರು ಬಳಸುವ ‘ಲಾಕ್ಸ್’ ಎಂಬ ಪದ ಯಿದ್ದಿಷ್ ಭಾಷೆಯದು. ಯಹೂದಿ ಆಹಾರ ನಿಯಮದಲ್ಲಿ ಮಾಂಸವನ್ನೂ ಹಾಲಿನ ಪದಾರ್ಥವನ್ನೂ ಬೆರೆಸುವಂತಿಲ್ಲ, ಆದರೆ ಮೀನು ಮಾಂಸದ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಮೀನು ಮತ್ತು ಚೀಸು ಒಂದೇ ಅಂಗಡಿಯಲ್ಲಿ, ಒಂದೇ ರೊಟ್ಟಿಯ ಮೇಲೆ ಕೂಡಿದವು. ಕ್ರೀಮ್ ಚೀಸ್ ಮಾತ್ರ ಇಲ್ಲಿಯದೇ, 1870ರ ದಶಕದಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ತಯಾರಾಗತೊಡಗಿದ್ದು. ಇಂದು ನಾವು ಅಪ್ಪಟ ಅಮೆರಿಕನ್ ಎಂದುಕೊಂಡಿರುವ ಈ ರುಚಿ, ಬಡ ವಲಸಿಗರ ಓಣಿಯಿಂದ ಬಂದದ್ದು.

ಎರಡನೆಯದು ಈ ನೆಲದ ಮೂಲನಿವಾಸಿಗಳ ಚರಿತ್ರೆ. ಕೊಲಂಬಿಯಾ ನದಿಯ ಸೆಲೈಲೋ ಜಲಪಾತದ ಬಳಿ ಸಾವಿರಾರು ವರ್ಷಗಳಿಂದ ಸಾಲ್ಮನ್ ಹಿಡಿದು, ಒಣಗಿಸಿ, ಕುಟ್ಟಿ, ಬುಟ್ಟಿಗಳಲ್ಲಿ ಒತ್ತಿ ತುಂಬಿ ದೂರದೂರಕ್ಕೆ ವಿನಿಮಯ ಮಾಡುತ್ತಿದ್ದರು. 1805ರಲ್ಲಿ ಲೂಯಿಸ್ ಮತ್ತು ಕ್ಲಾರ್ಕ್ ಅವರ ತಂಡ ಆ ಬುಟ್ಟಿಗಳ ರಾಶಿಯನ್ನು ಕಂಡು ದಾಖಲಿಸಿದೆ. ಅಂದರೆ ಈ ನಾಡಿನ ಪ್ರಾಚೀನ ಸಾಲ್ಮನ್ ವ್ಯಾಪಾರ ಒಣಮೀನಿನದು. 1957ರ ಮಾರ್ಚ್ 10ರಂದು ಡಾಲ್ಸ್ ಅಣೆಕಟ್ಟಿನ ಹಿನ್ನೀರು ಆ ಜಲಪಾತವನ್ನು ಕೆಲವೇ ಗಂಟೆಗಳಲ್ಲಿ ಮುಳುಗಿಸಿತು. ಶರಾವತಿಯ, ಕೃಷ್ಣೆಯ ಹಿನ್ನೀರನ್ನು ಬಲ್ಲ ನಮಗೆ ಮುಳುಗಡೆ ಎಂಬ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿಗೆ ಹತ್ತಿರದ ನಿಸ್ಕ್ವಾಲಿ ನದಿಯ ಕಥೆ ಇನ್ನೊಂದು. 1854ರ ಮೆಡಿಸಿನ್ ಕ್ರೀಕ್ ಒಪ್ಪಂದದಲ್ಲಿ ಬುಡಕಟ್ಟುಗಳು ತಮ್ಮ ನೆಲದ ಬಹುಪಾಲನ್ನು ಬಿಟ್ಟುಕೊಟ್ಟವು, ವಾಡಿಕೆಯ ಜಾಗಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಉಳಿಸಿಕೊಂಡವು. ವಾಷಿಂಗ್ಟನ್ ರಾಜ್ಯ ಆ ಹಕ್ಕನ್ನೇ ಅಪರಾಧವಾಗಿಸಿತು. ನಿಸ್ಕ್ವಾಲಿಯ ಬಿಲ್ಲಿ ಫ್ರ್ಯಾಂಕ್ ಜೂನಿಯರ್ ಮೊದಲ ಬಾರಿ ಬಂಧನಕ್ಕೊಳಗಾದದ್ದು 1945ರಲ್ಲಿ, ಹದಿನಾಲ್ಕರ ವಯಸ್ಸಿನಲ್ಲಿ. ಆಮೇಲೆ ಐವತ್ತಕ್ಕೂ ಹೆಚ್ಚು ಬಾರಿ ಅವರನ್ನು ಬಂಧಿಸಲಾಯಿತು. 1960ರ ದಶಕದಲ್ಲಿ ಅವರೂ ಅವರ ಸಂಗಾತಿಗಳೂ ನದಿಗೆ ಬಲೆ ಹಾಕುವುದನ್ನೇ ಸತ್ಯಾಗ್ರಹ ಮಾಡಿಕೊಂಡರು. 1974ರ ಫೆಬ್ರವರಿ 12ರಂದು ನ್ಯಾಯಾಧೀಶ ಜಾರ್ಜ್ ಬೋಲ್ಟ್, ಒಪ್ಪಂದ ಮಾಡಿಕೊಂಡ ಬುಡಕಟ್ಟುಗಳಿಗೆ ಹಿಡಿಯಬಹುದಾದ ಮೀನಿನಲ್ಲಿ ಅರ್ಧ ಪಾಲಿನ ಹಕ್ಕಿದೆ ಎಂದು ತೀರ್ಪಿತ್ತರು. 1979ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿನ ತಿರುಳನ್ನು ಎತ್ತಿಹಿಡಿಯಿತು. ನಾವು ಯಾರ ನೆಲದಲ್ಲಿ ಅತಿಥಿಗಳನ್ನು ಕರೆಯುತ್ತಿದ್ದೇವೆ, ಇಲ್ಲಿ ನಿಜವಾದ ಅತಿಥಿ ಯಾರು ಎಂಬುದನ್ನು ಈ ಚರಿತ್ರೆ ನೆನಪಿಸುತ್ತದೆ.

ಮೂರನೆಯದು ದುಡಿಮೆಯ ಚರಿತ್ರೆ, ನನ್ನ ಮಾತಿನ ಕೇಂದ್ರವೂ ಅದೇ. ಅಲಾಸ್ಕಾದ ಸಾಲ್ಮನ್ ಡಬ್ಬಿ ಕಾರ್ಖಾನೆಗಳಲ್ಲಿ ಮೊದಲು ಚೀನೀಯರು, ಅನಂತರ ಜಪಾನೀಯರು, ಫಿಲಿಪಿನೋಗಳು, ಅಲಾಸ್ಕಾದ ಮೂಲನಿವಾಸಿಗಳು ದುಡಿದರು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಮೀನಿನ ತಲೆ ಕತ್ತರಿಸಿ ಕರುಳು ತೆಗೆಯುವ ಯಂತ್ರವೊಂದು ಬಂದಾಗ, ಚೀನೀಯರನ್ನು ಹೀಯಾಳಿಸುವ ಬೈಗುಳವನ್ನೇ ಅದಕ್ಕೆ ಮಾರಾಟದ ಹೆಸರಾಗಿ ಇಟ್ಟರು. ಕಾರ್ಖಾನೆಗಳಲ್ಲಿ ಒಳ್ಳೆಯ ಸಂಬಳದ ಕುಶಲ ಕೆಲಸಗಳು ಬಹುಪಾಲು ಬಿಳಿಯರಿಗೆ, ಮೀನು ಕೊಯ್ದು ತುಂಬುವ ಕೆಲಸ ಉಳಿದವರಿಗೆ. ಮಲಗುವ ಮನೆಗಳು ಬೇರೆ. ಊಟದ ಮನೆಗಳೂ ಬೇರೆ. ಸಾಲ್ಮನ್ ಹದಗೊಳಿಸುವ ಕೈಗಳಿಗೆ ಒಂದು ಪಂಕ್ತಿ, ಅದರ ಲೆಕ್ಕ ಬರೆಯುವ ಕೈಗಳಿಗೆ ಇನ್ನೊಂದು.

ಈ ಪಂಕ್ತಿಭೇದದ ವಿರುದ್ಧ ಕಾರ್ಮಿಕರು 1970ರ ದಶಕದಲ್ಲಿ ನ್ಯಾಯಾಲಯಕ್ಕೆ ಹೋದರು. ಅವರನ್ನು ಸಂಘಟಿಸಿದವರಲ್ಲಿ ಮುಖ್ಯರಾದ ಸಿಲ್ಮೆ ಡೊಮಿಂಗೊ ಮತ್ತು ಜೀನ್ ವಿಯರ್ನೆಸ್ ಎಂಬ ಇಬ್ಬರು ಫಿಲಿಪಿನೋ ಅಮೆರಿಕನ್ ಯುವಕರನ್ನು 1981ರ ಜೂನ್ 1ರಂದು ಇದೇ ಸಿಯಾಟಲ್ ನಗರದ ಕಾರ್ಮಿಕ ಸಂಘದ ಕಚೇರಿಯಲ್ಲಿ ಗುಂಡಿಟ್ಟು ಹೊಡೆದರು. ಅವರು ಫಿಲಿಪ್ಪೀನ್ಸ್‌ನ ಮಾರ್ಕೋಸ್ ಸರ್ವಾಧಿಕಾರದ ವಿರೋಧಿಗಳೂ ಆಗಿದ್ದರು. ಆ ಕೊಲೆಗಳಿಗೆ ಮಾರ್ಕೋಸ್ ದಂಪತಿ ಹೊಣೆ ಎಂದು 1989ರಲ್ಲಿ ಇಲ್ಲಿಯ ಫೆಡರಲ್ ನ್ಯಾಯಮಂಡಳಿ ತೀರ್ಮಾನಿಸಿತು. ಅದೇ ವರ್ಷ ವಾರ್ಡ್ಸ್ ಕೋವ್ ಪ್ಯಾಕಿಂಗ್ ಕಂಪನಿ ಮತ್ತು ಅಟೋನಿಯೋ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ ಕಾರ್ಮಿಕರ ವಿರುದ್ಧ ನಿಂತಿತು. ಕಾರ್ಖಾನೆಯ ಬದುಕು ತೋಟದ ಜೀತವ್ಯವಸ್ಥೆಯನ್ನು ಹೋಲುತ್ತದೆ ಎಂಬ ಅರ್ಥದ ಮಾತನ್ನು ನ್ಯಾಯಮೂರ್ತಿ ಸ್ಟೀವನ್ಸ್ ತಮ್ಮ ಭಿನ್ನಮತದಲ್ಲಿ ಬರೆದರು. 1991ರ ನಾಗರಿಕ ಹಕ್ಕುಗಳ ಕಾಯಿದೆ ಆ ತೀರ್ಪಿನ ದೋಷಗಳನ್ನು ಸರಿಪಡಿಸಲು ಹೊರಟಿತು, ಆದರೆ ಅದೇ ಪ್ರಕರಣದ ಕಾರ್ಮಿಕರಿಗೆ ಅದರ ಲಾಭ ಸಿಗದಂತೆ ಒಂದು ವಿನಾಯಿತಿಯನ್ನು ಒಳಗೆ ಸೇರಿಸಿತು. ಎಲ್ಲರಿಗೂ ನ್ಯಾಯ, ನ್ಯಾಯ ಕೇಳಿದವರೊಬ್ಬರನ್ನು ಬಿಟ್ಟು.

ಇಷ್ಟನ್ನು ಹೇಳಿದ್ದು ನಿಮ್ಮ ಕೈಯ ಬಿಲ್ಲೆಯನ್ನು ಕಹಿ ಮಾಡುವುದಕ್ಕಲ್ಲ. ಎರಡು ಪಂಕ್ತಿಗಳ ಊಟದ ಮನೆ ಎಂಬುದು ನಮಗೆ ಹೊರಗಿನಿಂದ ಕಲಿಯಬೇಕಾದ ಪಾಠವಲ್ಲ ಎಂದು ನೆನಪಿಸುವುದಕ್ಕೆ. ಪಂಕ್ತಿಭೇದ ಎಂಬ ಪದ ನಮ್ಮಲ್ಲೇ ಹುಟ್ಟಿ ಬೆಳೆದದ್ದು. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ ನಡೆದ 87ನೆಯ ಸಾಹಿತ್ಯ ಸಮ್ಮೇಳನದ ಸಂದರ್ಭದಲ್ಲಿ ಮಾಂಸಾಹಾರವನ್ನು ಮದ್ಯ, ತಂಬಾಕುಗಳ ಜೊತೆಗಿಟ್ಟು ನಿಷೇಧದ ಸಾಲಿಗೆ ಸೇರಿಸಿದ್ದನ್ನೂ, ಬಾಡೂಟ ಬೇಕೆಂದು ಜನ ದನಿ ಎತ್ತಿದ್ದನ್ನೂ ನೀವು ಬಲ್ಲಿರಿ. ಬಹುಜನರು ದಿನವೂ ತಿನ್ನುವ ಅನ್ನ, ಬಹುಜನರ ಭಾಷೆಯ ಹಬ್ಬಕ್ಕೆ ಹೊರಗಿನದಾಯಿತು. ಕಡಲಾಚೆಯ ನಮ್ಮ ಹಬ್ಬದೂಟಗಳು ಇದಕ್ಕಿಂತ ಭಿನ್ನವೇ? ಯುಗಾದಿಯ, ರಾಜ್ಯೋತ್ಸವದ ಎಲೆಯಲ್ಲಿ ಯಾವ ಕನ್ನಡಿಗರ ಅಡುಗೆ ಇರುತ್ತದೆ, ಯಾರದು ಇರುವುದಿಲ್ಲ ಎಂದು ಒಮ್ಮೆ ಪಟ್ಟಿ ಮಾಡಿ ನೋಡಿ. ‘ಎಲ್ಲರಿಗೂ ಅನುಕೂಲವಾಗಲಿ’ ಎಂಬ ಮಾತು ಅಲ್ಲಿ ಯಾವಾಗಲೂ ಒಂದೇ ದಿಕ್ಕಿಗೆ ವಾಲುತ್ತದೆ.

2023ರ ಫೆಬ್ರವರಿ 21ರಂದು ಸಿಯಾಟಲ್ ನಗರಸಭೆ ಜಾತಿ ತಾರತಮ್ಯವನ್ನು ನಿಷೇಧಿಸಿತು. ಅಮೆರಿಕದ ನಗರಗಳಲ್ಲಿ ಇದೇ ಮೊದಲು. ನಮ್ಮಲ್ಲಿ ಅನೇಕರು ಅದನ್ನು ಬೆಂಬಲಿಸಿದೆವು, ಆ ಬೆಂಬಲ ಸರಿಯಾದದ್ದೇ. ಆದರೆ ಕಾನೂನು ಕಚೇರಿಗೆ ಬರಬಲ್ಲದು, ಬಾಡಿಗೆಯ ಕರಾರಿಗೆ ಬರಬಲ್ಲದು, ನಮ್ಮ ಊಟದ ಮೇಜಿಗೆ ಬರಲಾರದು. ಅಲ್ಲಿ ಇರುವುದು ನಾವೇ. ನೀವು ಏನು ತಿನ್ನುತ್ತೀರಿ ಎಂಬ ಸೌಜನ್ಯದ ಪ್ರಶ್ನೆಯೇ ನೀವು ಯಾರು ಎಂಬ ವಿಚಾರಣೆಯೂ ಆಗಬಲ್ಲದು ಎಂಬುದನ್ನು, ಆ ಪ್ರಶ್ನೆಗೆ ಸುಳ್ಳು ಉತ್ತರ ಕೊಟ್ಟು ಪಾರಾದವರು ಬಲ್ಲರು.

ಇಲ್ಲಿ ಒಂದು ಗಂಭೀರವಾದ ಆಕ್ಷೇಪವಿದೆ. ಕೂಡಿ ಉಂಡ ಮಾತ್ರಕ್ಕೆ ಜಾತಿ ಸಾಯುವುದಿಲ್ಲ. ಇದನ್ನು ಅಂಬೇಡ್ಕರ್ 1936ರಲ್ಲೇ ‘ಜಾತಿ ವಿನಾಶ’ದಲ್ಲಿ ಸ್ಪಷ್ಟಪಡಿಸಿದ್ದಾರೆ. ಸಹಭೋಜನಗಳಿಂದ ಜಾತಿಯ ಪ್ರಜ್ಞೆ ಅಳಿಯಲಿಲ್ಲ, ಅಂತರ್ಜಾತಿ ವಿವಾಹಗಳು ಬೇಕು, ಅದಕ್ಕೂ ಮೊದಲು ಜಾತಿಗೆ ಪಾವಿತ್ರ್ಯ ಕೊಟ್ಟ ಶಾಸ್ತ್ರಗಳ ಅಧಿಕಾರ ಕುಸಿಯಬೇಕು ಎಂಬುದು ಅವರ ವಾದ. ನಾನು ಅದನ್ನು ಒಪ್ಪುತ್ತೇನೆ. ಒಂದು ತಟ್ಟೆ ಒಣಮೀನು ಕ್ರಾಂತಿಯಲ್ಲ. ಆದರೆ ಮಗಳು ಯಾರನ್ನು ಮದುವೆಯಾದರೂ ಸರಿ ಎನ್ನುವ ಮನೆಯಲ್ಲಿ ಆಕೆಯ ಗೆಳೆಯನ ತಾಯಿ ತಂದ ಡಬ್ಬಿಯನ್ನು ಬಾಲ್ಕನಿಯಲ್ಲಿಡುತ್ತಾರಾದರೆ, ಆ ಮೊದಲ ಮಾತನ್ನು ನಂಬುವುದು ಹೇಗೆ? ಊಟ ಜಾತಿಯ ಮದ್ದಲ್ಲದಿರಬಹುದು. ಜಾತಿ ಎಷ್ಟು ಉಳಿದಿದೆ ಎಂದು ಅಳೆಯುವ ಕೋಲು ಅದು ಖಂಡಿತ ಹೌದು.

ಇನ್ನೊಂದು ಆಕ್ಷೇಪ ಸಸ್ಯಾಹಾರಿ ಗೆಳೆಯರದು. ಮೀನು ತಿನ್ನದಿರುವುದು ಅವರ ಹಕ್ಕು, ಅದನ್ನು ಗೌರವಿಸುವುದು ಸತ್ಕಾರದ ಭಾಗವೇ. ಅವರಿಗಾಗಿ ಸುಟ್ಟು ಸಿಪ್ಪೆ ತೆಗೆದ ಕೆಂಪು ದೊಣ್ಣೆಮೆಣಸಿನಕಾಯಿಯ ಸುರುಳಿ ಮಾಡಿ. ಅದನ್ನು ಮೊದಲೇ ಕತ್ತರಿಸಿ, ಚಾಕು, ತಟ್ಟೆ ಬೇರೆ ಇರಲಿ, ಹೆಸರು ಬರೆದ ಚೀಟಿ ಇಡಿ. ಆದರೆ ನಾನು ತಿನ್ನುವುದಿಲ್ಲ ಎನ್ನುವುದು ಬೇರೆ, ನನ್ನೆದುರು ನೀನು ತಿನ್ನಬೇಡ ಎನ್ನುವುದು ಬೇರೆ. ಮೊದಲನೆಯದಕ್ಕೆ ಬೇರೆ ತಟ್ಟೆ ಸಾಕು, ಎರಡನೆಯದು ಬೇರೆ ಪಂಕ್ತಿಯನ್ನೇ ಕೇಳುತ್ತದೆ.

ಹಾಗಾದರೆ ಮಾಡಬಹುದಾದದ್ದೇನು? ಮೂರು ಸಣ್ಣ ಕೆಲಸಗಳನ್ನು ಸೂಚಿಸುತ್ತೇನೆ. ಒಂದು, ಮೀನು ಕೊಳ್ಳುವಾಗ ಪೊಟ್ಟಣವನ್ನು ಓದಿ. ಅಟ್ಲಾಂಟಿಕ್ ಎಂದು ಬರೆದಿದ್ದರೆ ಅದು ಬಹುತೇಕ ಸಾಕಿದ ಮೀನು. 2017ರ ಆಗಸ್ಟಿನಲ್ಲಿ ಸೈಪ್ರೆಸ್ ದ್ವೀಪದ ಬಳಿ ಅಂಥ ಸಾಕಣೆಯ ಬಲೆ ಕುಸಿದು ಎರಡು ಲಕ್ಷಕ್ಕೂ ಹೆಚ್ಚು ಮೀನು ತಪ್ಪಿಸಿಕೊಂಡ ಮೇಲೆ ಈ ರಾಜ್ಯ ಬಲೆಗಳಲ್ಲಿ ಅಟ್ಲಾಂಟಿಕ್ ಸಾಲ್ಮನ್ ಸಾಕುವುದನ್ನು ನಿಲ್ಲಿಸುವ ಕಾನೂನು ಮಾಡಿತು. ಸಾಧ್ಯವಾದಾಗ ಬುಡಕಟ್ಟು ಮೀನುಗಾರರಿಂದಲೇ ಕೊಳ್ಳಿ. ಎರಡು, ತಟ್ಟೆಯ ಪಕ್ಕದ ಚೀಟಿಯಲ್ಲಿ ತಿನಿಸಿನ ಹೆಸರಿನ ಜೊತೆಗೆ ಮೀನು ಬಂದ ನದಿಯ ಅಥವಾ ಕಡಲಿನ ಹೆಸರನ್ನೂ ಬರೆಯಿರಿ. ಅತಿಥಿಗಳು ಕೇಳುತ್ತಾರೆ, ಮಾತು ತಾನಾಗಿ ಬೆಳೆಯುತ್ತದೆ. ಮೂರು, ಅದೇ ತಟ್ಟೆಯಲ್ಲಿ ಒಣಮೀನಿಗೂ ಜಾಗ ಕೊಡಿ. ಒಣ ಸಿಗಡಿಯನ್ನು ಹುರಿದು, ಕಾಯಿತುರಿ, ಒಣಮೆಣಸು, ಹುಣಸೆ, ಬೆಳ್ಳುಳ್ಳಿಯೊಡನೆ ತರಿತರಿಯಾಗಿ ಅರೆದ ಚಟ್ನಿಯನ್ನು ಸಣ್ಣ ಅಕ್ಕಿರೊಟ್ಟಿಯ ತುಂಡಿನ ಮೇಲಿಟ್ಟು ಸಾಲ್ಮನ್ ಸುರುಳಿಯ ಪಕ್ಕದಲ್ಲೇ ಜೋಡಿಸಿ. ಮೇಜಿನ ಮಧ್ಯದಲ್ಲಿ, ಎಲ್ಲರ ಕೈಗೆಟಕುವಂತೆ ಇಡಿ. ಕಿಟಕಿ ತೆರೆಯಬೇಕೆನಿಸಿದರೆ ತೆರೆಯಿರಿ, ಆದರೆ ಕ್ಷಮೆ ಕೇಳಬೇಡಿ.

ಆ ತಟ್ಟೆಯನ್ನು ಕಂಡು ನಿಮ್ಮ ಅತಿಥಿಗಳಲ್ಲಿ ಒಬ್ಬರಾದರೂ ‘ನಮ್ಮ ಮನೆಯಲ್ಲೂ ಇದನ್ನು ಮಾಡುತ್ತಿದ್ದರು’ ಎಂದು ಮೊದಲ ಬಾರಿಗೆ ನಿಮ್ಮೆದುರು ಹೇಳಿದರೆ, ಅಷ್ಟು ವರ್ಷ ಅವರು ಅದನ್ನು ಏಕೆ ಹೇಳಿರಲಿಲ್ಲ ಎಂದು ಯೋಚಿಸಿ. ಅತಿಥಿ ಏನನ್ನೂ ಮುಚ್ಚಿಡಬೇಕಾಗಿಲ್ಲದ ಮನೆಯನ್ನು ಕಟ್ಟುವುದೇ ಸತ್ಕಾರ ಎಂದು ನಾನು ತಿಳಿದಿದ್ದೇನೆ.

ಒಳಗಿನ ಕೋಣೆಯಲ್ಲಿ ಎರಡೂ ತಿನಿಸುಗಳನ್ನು ಇಟ್ಟಿದ್ದಾರೆ. ಹೊರಗಿಟ್ಟ ಸಾಲ್ಮನ್ನಿಗೆ ಎರಡೇ ಗಂಟೆಯ ಆಯುಷ್ಯ ಎಂದು ಆಗಲೇ ಹೇಳಿದ್ದೇನೆ, ಆದ್ದರಿಂದ ಚರ್ಚೆಯನ್ನು ಅಲ್ಲಿಯೇ ಮುಂದುವರಿಸೋಣ.